ಆಕ್ಟಾಟ್ರ್ಯಾಕ್‌ನಲ್ಲಿ (ಧ್ವನಿ ತುಣುಕು ರೆಕಾರ್ಡ್ ಮಾಡಿ ಸುತ್ತಿ ಸುತ್ತಿ ನುಡಿಸೋ ಸ್ಯಾಂಪ್ಲರ್ ಡಬ್ಬಿ) ನಾಲ್ಕು ಲೂಪ್ ಸೇರಿಸಿ ಒಂದು ಮಾಡಿದೋರು ಇದ್ರೆ ಹೇಳಿ

ಕೇಳಿದವರು: ಖಂಜಿರ, ಘಟ, ತಂಬೂರಿ ಶ್ರುತಿ, ಬಾಸ್ ನಾಲ್ಕೂ ಬೇರೆ ಬೇರೆ ಟ್ರ್ಯಾಕಲ್ಲಿವೆ. ಇನ್ನೂ ಬೇಕಾದಷ್ಟು ಹಾಕೋದಿದೆ, 8 ಟ್ರ್ಯಾಕ್ ಸಾಲ್ತಿಲ್ಲ. ಡಬ್ಬಿ ಒಳಗೇ ರೀಸ್ಯಾಂಪಲ್ ಮಾಡ್ಲಾ (ಎಲ್ಲಾ ನುಡಿಸಿ ಒಂದೇ ಲೂಪಾಗಿ ಮತ್ತೆ ರೆಕಾರ್ಡ್), ಲ್ಯಾಪ್‌ಟಾಪಲ್ಲಿ ಮಿಕ್ಸ್ ಮಾಡಿ ತರ್ಲಾ? ಮುಂದಿನ ವಾರ ಪ್ರೋಗ್ರಾಂ.

ಖಂಜಿರ_ಕೈ: ಒಳಗೇ ಮಾಡಿ, ಆದ್ರೆ ಸೇವ್ ಆಗೋವರೆಗೂ ಜಾಗ ಬಿಟ್ಟು ಏಳ್ಬೇಡಿ. ನಾನು ಸೆಕೆಂಡ್‌ಹ್ಯಾಂಡ್ ಡಬ್ಬಿಗೆ 82,000 ಕೊಟ್ಟೆ, ಸಿಎಫ್ ಕಾರ್ಡ್ (ಅದರ ಮೆಮೊರಿ ಕಾರ್ಡ್) 3,400, ಅದು ನಕಲಿ ಬಂತು, ಅಂಗಡಿಯವ್ನು ವಾಪಸ್ ತಗೊಳ್ಳಲೇ ಇಲ್ಲ, ಮತ್ತೆ 3,400, ರೀಡರ್ 900. ಒಂದಿನ ರಾತ್ರಿ 11ರಿಂದ 2ರವರೆಗೆ ಕೂತು ಖಂಜಿರದ ಚರ್ಮಕ್ಕೆ ಒಳಗಿಂದ ನೀರು ಸವರಿ ಸವರಿ ಶ್ರುತಿ ಇಳಿಸ್ಕೊಂಡು ನುಡಿಸಿ, ಮೂರು ಲೂಪ್ ಎಸ್‌ಆರ್‌ಸಿ3 (ಡಬ್ಬಿಯ ಒಳಗಿನ ಸದ್ದನ್ನೇ ರೆಕಾರ್ಡ್ ಮಾಡೋ ಸೆಟ್ಟಿಂಗ್) ಇಂದ ಒಂದಕ್ಕೆ ಇಳಿಸಿದ್ದೆ, ಕರೆಂಟ್ ಹೋಯ್ತು. ರೆಕಾರ್ಡ್ ಆಗಿದ್ದು ಮೊದ್ಲು ನಿಲ್ಲೋ ರೆಕಾರ್ಡರ್ ಬಫರ್ ಇರೋದು ರ‍್ಯಾಮಲ್ಲಿ, ಕಾರ್ಡಿಗೆ ಹೋಗಿಲ್ಲ ಅಂದ್ರೆ ಮುಗೀತು. ಚರ್ಮ ಒಣಗಿತ್ತು, ಆ ಗುಂಕಾರ ಮತ್ತೆ ಬರ್ಲಿಲ್ಲ. ಮಾರನೇ ದಿನ ಯುಪಿಎಸ್ 4,200.

ಬಾಸ್_ಹುಬ್ಬಳ್ಳಿ: ಅದಕ್ಕೇ ನಾನು ಡಬ್ಬಿ ಮಾರಿದ್ದು, 30,000 ಲುಕ್ಸಾನು, ಒಂಚೂರೂ ಬೇಜಾರಿಲ್ಲ. ಸಮ ಲೆವೆಲ್‌ನ ನಾಲ್ಕು ಲೂಪ್ ಸೇರಿದ್ರೆ ಸದ್ದು ಸುಮಾರು 6 ಡಿಬಿ (ಡೆಸಿಬೆಲ್) ಏರುತ್ತೆ, ಏಟೆಲ್ಲಾ ಒಟ್ಟಿಗೇ ಬಿತ್ತು ಅಂದ್ರೆ 12ರ ತನಕ. ಒಂದ್ಸಲ ಸದ್ದು ಮಿತಿ ಮೀರಿ ಒಡೆದಿದ್ದು ಒಡೆದೇ ಹೋಯ್ತು, ಸೇರಿಸಿದ್ಮೇಲೆ ಘಟ ಕಮ್ಮಿ ಮಾಡಿ ಬಾಸ್ ಏರಿಸ್ತೀನಿ ಅಂದ್ರೆ ಆಗಲ್ಲ. ಮದ್ವೆ ರಿಸೆಪ್ಶನ್ನಲ್ಲಿ ದೊಡ್ಡ ಸ್ಪೀಕರಲ್ಲಿ ಕೇಳಿದ್ಮೇಲೆ ಗೊತ್ತಾಯ್ತು ನಂಗೆ.

ಖಂಜಿರ_ಕೈ: ಮೊದ್ಲೇ ಲೆವೆಲ್ ಇಳಿಸ್ಕೊಂಡಿದ್ರೆ ಯಾಕೆ ಒಡೀತಿತ್ತು? ಮಾರಿದೋರು ಡಬ್ಬಿ ಬೈಯೋದು ಬಿಡಿ.

ಬಾಸ್_ಹುಬ್ಬಳ್ಳಿ: ನನ್ ದುಡ್ಡು ಹೋಗಿದೆ ರೀ, ಮಾತಾಡೋ ಹಕ್ಕಿದೆ.

ಛಾಪು7: ಇಬ್ರೂ ತಾಳದ ಮಾತೇ ಎತ್ತಲಿಲ್ಲ. ನನ್ ಖಂಜಿರ ಮಿಶ್ರ ಛಾಪು ತಾಳ, ಸುತ್ತಿಗೆ 7 ಅಕ್ಷರ (ತಾಳದ ಎಣಿಕೆ). ಬಾಸ್ ಆದಿ, 8. ಬೇರೆ ಬೇರೆ ಇದ್ದಾಗ ಅವುಗಳ ಪಾಡಿಗೆ ಸುತ್ತಿ 56 ಅಕ್ಷರಕ್ಕೊಮ್ಮೆ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಸೇರ್ತಿದ್ವು. 64 ಸ್ಟೆಪ್‌ಗೆ (ಡಬ್ಬಿ ಕಾಲವನ್ನ ಭಾಗ ಮಾಡೋ ಚಿಕ್ಕ ಮನೆಗಳು) ಇಳಿಸಿದೆ, ಪ್ರತಿ ಸುತ್ತಿಗೂ ಖಂಜಿರ ಮಧ್ಯದಲ್ಲೇ ಕಟ್. ಅಕ್ಷರಕ್ಕೆ 4 ಸ್ಟೆಪ್ ಅಂದ್ರೆ 224 ಬೇಕು, ಪ್ಯಾಟರ್ನಲ್ಲಿ (ಡಬ್ಬಿಯ ಒಂದು ಸುತ್ತಲ್ಲಿ) ಇರೋದೇ 64. ಮೂರು ಭಾನುವಾರ ಹಾಳಾಯ್ತು. ಕೊನೆಗೆ ಅಕ್ಷರಕ್ಕೆ ಒಂದೇ ಸ್ಟೆಪ್, ಟೆಂಪೋ 30 (ನಿಮಿಷಕ್ಕೆ 30 ಬೀಟ್, ಬೀಟಿಗೆ 4 ಸ್ಟೆಪ್), ರೆಕಾರ್ಡ್ ಲೆಂತ್ 56. ಸರಿಯಾಗಿ 28 ಸೆಕೆಂಡ್. ಸಮ ಬಂದು ಕೂತ ಕ್ಷಣ ಕಣ್ಣಲ್ಲಿ ನೀರು ಬಂತು.

ಖಂಜಿರ_ಕೈ: ಅಂದ್ರೆ ನಿಮಿಷಕ್ಕೆ 120 ಅಕ್ಷರ. ವಿಳಂಬದಲ್ಲಿ ನುಡಿಸೋರು ಏನ್ ಮಾಡ್ಬೇಕು? ಟೆಂಪೋ 30ಕ್ಕಿಂತ ಇಳಿಯಲ್ಲ.

ಛಾಪು7: ವಿಳಂಬ ಬೇಕು ಅಂದ್ರೆ ಲೂಪ್ ಯಾಕೆ, ಕೈಯಲ್ಲೇ ನುಡಿಸಿ.

ಖಂಜಿರ_ಕೈ: 14 ವರ್ಷದಿಂದ ಕೈಯಲ್ಲೇ ನುಡಿಸ್ತಿರೋದು ಸ್ವಾಮಿ, ನಂಗೆ ಹೇಳ್ಬೇಡಿ.

ಕೇಳಿದವರು: ನನ್ನವು ನಾಲ್ಕೂ ಆದಿ ತಾಳಾನೇ. ಲೆವೆಲ್ ಇಳಿಸಿ ಇವತ್ತು ರಾತ್ರಿ ಒಳಗೇ ಮಾಡ್ತೀನಿ, ಹಳೇ ನಾಲ್ಕು ಫೈಲ್ ಕಾರ್ಡಲ್ಲೇ ಇರ್ಲಿ. ಯುಪಿಎಸ್ ಯಾವ್ದು ಅಂತ ಹೇಳ್ತೀರಾ?