ನಮ್ಮ ಅಡ್ಡರಸ್ತೆಯ ಖಾಲಿ ನಿವೇಶನ ಮತ್ತು ಹಾವುಗಳು: ಭಾನುವಾರ ಬೆಳಿಗ್ಗೆ ಸೇರುವ ಕುರಿತು

ಮನೆ 14:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ನಮ್ಮ ಬಚ್ಚಲಮನೆಯ ಕಿಟಕಿಯ ಮೇಲೆ ಹಾವೊಂದು ಕಾಣಿಸಿಕೊಂಡಿತು. ಮೈಮೇಲೆ ಬಿಳಿ ಪಟ್ಟಿಗಳಿದ್ದುದರಿಂದ ಕಡುವಿಷದ ಕಡಂಬಳವೆಂದೇ (ಕಟ್ಟುಹಾವು) ಹೆದರಿ ಬಡಿಗೆಯಿಂದ ಹೊಡೆದು ಕೊಂದೆವು. ಮಳೆ ಹಿಡಿದ ಮೇಲೆ ನಮ್ಮ ಸಾಲಿನಲ್ಲಿ ಇದು ಮೂರನೆಯ ಹಾವು. ಎದುರಿನ ನಿವೇಶನದಲ್ಲಿ ಕಾಂಗ್ರೆಸ್ ಗಿಡ ಎದೆಯೆತ್ತರಕ್ಕೆ ಬೆಳೆದಿದೆ. ಅದಕ್ಕೊಂದು ವ್ಯವಸ್ಥೆ ಮಾಡಲೇಬೇಕು. ಸತ್ತ ಹಾವಿನ ಫೋಟೊ ಹಾಕಿದ್ದೇನೆ.

ಮನೆ 7:
ಅಕ್ಕಾವರೇ, ಮೂವತ್ತು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವನಾಗಿ ಹೇಳುತ್ತಿದ್ದೇನೆ, ಬೇಸರಿಸಬೇಡಿ: ನೀವು ಕೊಂದದ್ದು ವಿಷವಿಲ್ಲದ ತೋಳಹಾವು. ಫೋಟೊವನ್ನು ದೊಡ್ಡದು ಮಾಡಿ ನೋಡಿ. ಮೈ ಕಂದು, ಕುತ್ತಿಗೆಯ ಹತ್ತಿರದ ಪಟ್ಟಿಗಳು ಅಗಲವಾಗಿ ಎದ್ದು ಕಾಣುತ್ತವೆ, ಬಾಲದ ಕಡೆಗೆ ಹೋದಂತೆ ಮಾಸಿ ಇಲ್ಲವಾಗುತ್ತವೆ. ಕಡಂಬಳದಲ್ಲಿ ಇದು ತಿರುಗುಮುರುಗು: ಮಿರುಗುವ ಕಪ್ಪು ಮೈ, ತೆಳುವಾದ ಬಿಳಿ ಗೆರೆಗಳು ಬಹುಮಟ್ಟಿಗೆ ಜೋಡಿಜೋಡಿಯಾಗಿ, ಕುತ್ತಿಗೆಯ ಬಳಿ ಅಸ್ಪಷ್ಟ, ಬಾಲದತ್ತ ಸ್ಪಷ್ಟ, ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಯವು, ಉಳಿದವಕ್ಕಿಂತ ದೊಡ್ಡವು. ತೋಳಹಾವು ಗೋಡೆ ಹತ್ತುವುದರಲ್ಲಿ ನಿಪುಣ. ನಿಮ್ಮ ಕಿಟಕಿಗೆ ಅದು ಬಂದದ್ದು ದೀಪದ ಬಳಿಯ ಹಲ್ಲಿಗಳಿಗಾಗಿ.

ಮನೆ 22:
ಕಾಕಾ, ತಾವು ಹೇಳಿದ್ದು ಸರಿಯೇ. ಆದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಕರೆಂಟು ಹೋದ ಹೊತ್ತಿನಲ್ಲಿ, ಬ್ಯಾಟರಿ ಹಿಡಿದು ಪಟ್ಟಿ ಎಲ್ಲಿಂದ ಆರಂಭವಾಗಿದೆಯೆಂದು ಪರೀಕ್ಷಿಸುತ್ತ ನಿಲ್ಲಲು ಸಾಧ್ಯವೇ?

ಮನೆ 7:
ನಿಲ್ಲಲೇಬಾರದು. ಗುರುತು ಹಿಡಿಯುವುದು ಫೋಟೊ ನೋಡುವವರ ಕೆಲಸ, ಹಾವಿನ ಮುಂದೆ ನಿಂತವರದಲ್ಲ. ಅನುಮಾನವಿದ್ದರೆ ಕಡಂಬಳವೆಂದೇ ತಿಳಿದು ದೂರ ಸರಿಯಿರಿ, ಮಕ್ಕಳನ್ನು ಒಳಗೆ ಕಳಿಸಿ, ಅದು ಯಾವ ಸಂದಿಗೆ ಹೋಯಿತೆಂದು ಕಣ್ಣಿಟ್ಟು, ಅರಣ್ಯ ಇಲಾಖೆಗೆ ಅಥವಾ ಹಾವು ಹಿಡಿಯಲು ಬಲ್ಲವರಿಗೆ ತಿಳಿಸಿ. ಹಾವುಗಳು ಕಚ್ಚುವ ಎಷ್ಟೋ ಪ್ರಸಂಗಗಳು ಅವನ್ನು ಹೊಡೆಯಲು ಅಥವಾ ಹಿಡಿಯಲು ಹೋದಾಗಲೇ ಆಗುತ್ತವೆ.

ಕಚ್ಚಿದರೆ ಮಾತ್ರ ಗುರುತಿನ ಚರ್ಚೆಯೇ ಬೇಡ, 108ಕ್ಕೆ ಕರೆ ಮಾಡಿ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಕಡಂಬಳ ಕಚ್ಚಿದ ಜಾಗದಲ್ಲಿ ನೋವಾಗಲಿ ಬಾವಾಗಲಿ ಹೆಚ್ಚಾಗಿ ಇರುವುದಿಲ್ಲ. ಕೆಲವು ಗಂಟೆಗಳ ನಂತರ ರೆಪ್ಪೆ ಜೋಲುತ್ತವೆ, ಉಸಿರು ಕಟ್ಟುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಸರ್ಕಾರ ಆದೇಶಿಸಿದೆ.

ಮನೆ 3:
ಹಾಗಾದರೆ ನಿವೇಶನದ ಆ ಉದ್ದನೆಯ ಹಾವು? ಹಗಲಿನಲ್ಲೇ ಓಡಾಡುತ್ತದೆ. ಅದು ಕೇರೆಯೆಂದೂ, ನಾಗರದ ಜೋಡಿಯೆಂದೂ ನಮ್ಮ ಅತ್ತೆಯವರು ಹೇಳುತ್ತಾರೆ.

ಮನೆ 7:
ಕೇರೆಯೆಂದದ್ದು ನಿಜ. ನಾನೂ ನೋಡಿದ್ದೇನೆ: ಆರಡಿಗಿಂತ ಕಡಿಮೆಯಿಲ್ಲ, ದೊಡ್ಡ ಕಣ್ಣು, ತುಟಿಯ ಹುರುಪೆಗಳ ಅಂಚಿಗೆ ಕಪ್ಪು ಗೆರೆ. ಆದರೆ ನಾಗರದೊಂದಿಗೆ ಅದರ ಜೋಡಿಯೆಂಬುದು ಕೇವಲ ಕಥೆ. ಎರಡು ಗಂಡು ಕೇರೆಗಳು ಹೆಣೆದುಕೊಂಡು ಬಲ ಪರೀಕ್ಷೆ ಮಾಡುವುದನ್ನೇ ನಮ್ಮ ಜನ ಕೂಡುವುದೆಂದು ತಿಳಿದು ಟವೆಲ್ ಎಸೆಯುತ್ತಾರೆ! ಅದಕ್ಕೆ ಹೆಡೆಯಿಲ್ಲ, ವಿಷವಿಲ್ಲ. ಅದು ತಿನ್ನುವುದು ಇಲಿ, ಕಪ್ಪೆಗಳನ್ನು. ನಿವೇಶನಕ್ಕೆ ನಾವು ಎಸೆಯುವ ಹಳಸಿದ ಅನ್ನ, ರೊಟ್ಟಿಗೆ ಇಲಿ ಬರುತ್ತವೆ, ಇಲಿಗೆ ಕೇರೆ ಬರುತ್ತದೆ, ನಾಗರವೂ ಬರಬಹುದು. ಕೇರೆಯನ್ನು ಕೊಂದರೆ ಇಲಿ ಕಡಿಮೆಯಾಗುವುದಿಲ್ಲ. ವಿಷವಿಲ್ಲದ ಕೇರೆಯಾಗಲಿ ವಿಷದ ನಾಗರವಾಗಲಿ, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಮನೆ 11:
ನಿವೇಶನದ ಮಾಲೀಕರೊಂದಿಗೆ ಮಾತನಾಡಿದೆ. ಸ್ವಚ್ಛಗೊಳಿಸಲು ಒಪ್ಪಿದ್ದಾರೆ, ಕೂಲಿಯ ಅರ್ಧ ಕೊಡುತ್ತಾರೆ. ಭಾನುವಾರ ಏಳು ಗಂಟೆಗೆ ಸೇರೋಣ. ಬೆಂಕಿ ಹಚ್ಚುವುದು ಬೇಡ. ರಸ್ತೆಯ ಬದಿಯಿಂದ ಕೊಯ್ಯುತ್ತ ನಾಲೆಯ ಕಡೆಗೆ ಸಾಗಿದರೆ ಹಾವುಗಳು ಆ ದಿಕ್ಕಿಗೆ ಸರಿದು ಹೋಗಲು ದಾರಿಯಿರುತ್ತದೆ. ಎಲ್ಲರೂ ಬೂಟು ಹಾಕಿಕೊಂಡು ಬನ್ನಿ. ಇಟ್ಟಂಗಿ ರಾಶಿಗೆ ಯಾರೂ ಕೈ ಹಾಕಬಾರದು. ಅಂದಹಾಗೆ, ಆ ರಾಶಿ ಯಾರದ್ದು?

ಮನೆ 14:
ನಮ್ಮದೇ. ಮೇಲಂತಸ್ತು ಕಟ್ಟಿಸಿದಾಗ ಉಳಿದದ್ದು, ಎರಡು ವರ್ಷದಿಂದ ಅಲ್ಲೇ ಇದೆ. ಶನಿವಾರ ಟ್ರ್ಯಾಕ್ಟರ್ ಹೇಳಿದ್ದೇನೆ. ಕಾಕಾ ಅವರು ಆ ಹೊತ್ತಿಗೆ ಬಂದು ನಿಂತರೆ ಕೂಲಿಯವರಿಗೂ ಧೈರ್ಯವಿರುತ್ತದೆ, ಬಡಿಗೆ ಹಿಡಿಯುವ ನಮ್ಮ ಮನೆಯವರಿಗೂ ತಡೆಯಿರುತ್ತದೆ.