ಹಗಲಲ್ಲಿ ಬಾಗಿಲು ಹಾಕಿಕೊಂಡರೆ ತಪ್ಪಾ?

ಮಲ್ಲೇಶ್ವರದವಳು:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೆಳೆದವಳು. ಮೊದಲಿಂದಲೂ ಮಾತು ಕಡಿಮೆ. ಮದುವೆಯಾಗಿ ಏಳು ತಿಂಗಳಿಂದ ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿದ್ದೇನೆ. ಅತ್ತೆ ಮಾವ ರೇಷ್ಮೆ ಹುಳು ಸಾಕುತ್ತಾರೆ. ನಾನು ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತೇನೆ.

ಊರು ಇಷ್ಟವಾಗಿದೆ. ಆದ್ರೆ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಮನೆ ಸೇರುವಷ್ಟರಲ್ಲಿ ಐದಾರು ಜನ "ಏನಮ್ಮಾ, ಏನು ಸಾರು?" ಎಂದು ಕೇಳಿರುತ್ತಾರೆ. ಏಳು ಗಂಟೆಗೆ ಇನ್ನೂ ಒಲೆಯೇ ಹಚ್ಚಿರಲ್ಲ, ಏನು ಹೇಳಲಿ? ಅರ್ಧ ಮಾತು ತೆಲುಗಿನಲ್ಲಿ ಬರುತ್ತದೆ. ಸುಮ್ನೆ ನಕ್ಕು ಬರುತ್ತೇನೆ.

ಹೋದ ವಾರ ಮೀಟಿಂಗ್ ಇತ್ತು, ಮುಂಬಾಗಿಲಿಗೆ ಚಿಲಕ ಹಾಕಿ ಕೂತಿದ್ದೆ. ಪಕ್ಕದ ಮನೆ ಅಜ್ಜಿ ಮೊರದ ತುಂಬ ಅವರೆಕಾಯಿ ತಂದವರು, ಎರಡು ಸಲ ಕೂಗಿ, ಜಗಲಿ ಮೇಲೆ ಇಟ್ಟು ಹೋದರಂತೆ. ಸಂಜೆ ಅತ್ತೆ ಹತ್ತಿರ "ನಿಮ್ಮ ಸೊಸೆಗೆ ನಮ್ಮ ಮೇಲೆ ಏನಾದ್ರೂ ಬೇಜಾರಾ?" ಎಂದು ಕೇಳಿದರಂತೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರ ಮನಸ್ಸು ನೋಯಿಸೋದು ನನಗೆ ಬೇಡ. ಹಾಗಂತ ದಿನವಿಡೀ ಮಾತಾಡೋಕೂ ಆಗಲ್ಲ. ಏನು ಮಾಡಲಿ?

ಚಿಂತಾಮಣಿ ಅಕ್ಕ:
ತಂಗಿ, "ಏನು ಸಾರು" ಅಂತ ಕೇಳಿದವರು ಉತ್ತರಕ್ಕೆ ಕಾಯ್ತಾ ನಿಲ್ಲಲ್ಲ. ಬೆಂಗಳೂರಲ್ಲಿ ಎದುರಿಗೆ ಸಿಕ್ಕವರಿಗೆ ತಲೆ ಆಡಿಸ್ತೀವಲ್ಲ, ಹಾಗೇ ಇದು. "ಬಸ್ಸಾರು ಅಕ್ಕ, ನಿಮ್ಮದು?" ಅಂದರೆ ಸಾಕು, ಮಿಕ್ಕಿದ್ದು ಅವರೇ ಮಾತಾಡ್ತಾರೆ. ಕನ್ನಡದಲ್ಲೇ ಹೇಳು, ಅವರಿಗೆ ಎರಡೂ ಬರುತ್ತೆ.

ಬಾಗಿಲಿನ ವಿಷಯ ಮಾತ್ರ ನಿಜ. ನಮ್ಮ ಕಡೆ ಹಗಲು ಮುಂಬಾಗಿಲು ಹಾಕಿದ್ದರೆ ಮನೇಲಿ ಏನೋ ಆಗಿದೆ ಅಂತಾನೇ ಅಂದ್ಕೊಳ್ಳೋದು. ದೀಪ ಹಚ್ಚೋ ಹೊತ್ತಲ್ಲಂತೂ ಹಾಕಲೇಬೇಡ. ಕೋಣೆ ಬಾಗಿಲು ಹಾಕ್ಕೋ, ಮುಂದಿನದು ತೆರೆದಿರಲಿ.

ಹುಳು ಮನೆ ರೈತ:
ನಾನೂ ನಿಮ್ಮ ತಾಲ್ಲೂಕಿನವನೇ. ನಿಮ್ಮ ಮಾವ ಹುಳು ಮನೆಗೆ ಹೊರಗಿನವರನ್ನ ಬಿಡ್ತಾರಾ? ಬಿಡಲ್ಲ ಅಲ್ವಾ? ಬಾಗಿಲಲ್ಲಿ ಸುಣ್ಣದ ಪುಡಿ, ಚಪ್ಪಲಿ ಹೊರಗೆ, ಕೈಕಾಲು ತೊಳೆದೇ ಒಳಗೆ. ರೋಗ ಬಿದ್ದರೆ ಇಡೀ ಬೆಳೆ ಹೋಗುತ್ತೆ. ಸುಮಾರು 25 ದಿನದಲ್ಲಿ ನಾಲ್ಕು ಜ್ವರ, ಅಂದ್ರೆ ಹುಳು ಸೊಪ್ಪು ತಿನ್ನೋದು ಬಿಟ್ಟು ಪೊರೆ ಕಳಚೋ ಹೊತ್ತು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲೇ ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ತಿಂದುಬಿಡುತ್ತವೆ. ಆಗ ನೆಂಟರು ಬಂದರೂ ಜಗಲಿಯಲ್ಲೇ ಮಾತಾಡಿಸಿ ಕಳಿಸ್ತೀವಿ. ಯಾರೂ ತಪ್ಪು ತಿಳ್ಕೊಳ್ಳಲ್ಲ, ಕಾರಣ ಎಲ್ಲರಿಗೂ ಗೊತ್ತು. ನಿಮ್ಮ ಕಾರಣ ಅಜ್ಜಿಗೆ ಗೊತ್ತಿಲ್ಲ. ನೀವೇ ಹೋಗಿ ಹೇಳಿ: ಹತ್ತರಿಂದ ಒಂದರವರೆಗೆ ಕೆಲಸ, ಆಮೇಲೆ ಬಿಡುವು ಅಂತ. ಅತ್ತೆ ಕೈಲಿ ಹೇಳಿಸಬೇಡಿ.

ಶಿರಾ ಮೇಷ್ಟ್ರು:
ನನ್ನದೂ ನಿಮ್ಮದೇ ಸ್ವಭಾವ. ಊರಿಗೆ ಬಂದ ಮೊದಲ ವರ್ಷ ನಾನು ಅಕ್ಕಪಕ್ಕದ ಮನೆಗೆ ಹೋದಾಗೆಲ್ಲ ಅವರ ಜೊತೆ ಕೂತು ಕಡ್ಲೇಕಾಯಿ ಬಿಡಿಸ್ತಿದ್ದೆ. ಕೈ ಆಡ್ತಾ ಇದ್ದರೆ ಯಾಕೆ ಮಾತಾಡಲ್ಲ ಅಂತ ಯಾರೂ ಕೇಳಲಿಲ್ಲ. ಇನ್ನೊಂದು, ಅಜ್ಜಿಯ ಮೊರ ಖಾಲಿ ವಾಪಸ್ ಕೊಡಬೇಡಿ.

ಮಲ್ಲೇಶ್ವರದವಳು:
ಮೊರದಲ್ಲಿ ಎರಡು ಅಚ್ಚು ಬೆಲ್ಲ ಇಟ್ಟು ತೆಗೆದುಕೊಂಡು ಹೋದೆ. ಅಜ್ಜಿ ನೆನೆಸಿದ ಅವರೆಕಾಳು ಹಿದುಕುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮೊದಮೊದಲು ಬೇಳೆ ಕೈಯಿಂದ ಜಾರಿ ಅಂಗಳಕ್ಕೆ ಹಾರುತ್ತಿತ್ತು. ಹೆಬ್ಬೆರಳಲ್ಲಿ ಎಲ್ಲಿ ಒತ್ತಬೇಕು ಅಂತ ಅವರೇ ಕೈ ಹಿಡಿದು ತೋರಿಸಿದರು. ಒಂದು ಗಂಟೆ ಕೂತಿದ್ದೆ, ಹೆಚ್ಚು ಮಾತೇ ಬೇಕಾಗಲಿಲ್ಲ. ಮೀಟಿಂಗ್ ವಿಷಯವನ್ನು ರೈತರು ಹೇಳಿದ ಹಾಗೆ ಹುಳು ಮನೆ ಲೆಕ್ಕದಲ್ಲೇ ಹೇಳಿದೆ. "ಹಂಗಾದ್ರೆ ಒಂದು ಗಂಟೆ ಮೇಲೆ ಬರ್ತೀನಿ ಬಿಡು" ಅಂದರು.

ಬರುವಾಗ ಒಂದು ಪಾವು ಬೇಳೆ ಕೊಟ್ಟು ಕಳಿಸಿದ್ದಾರೆ. ಅತ್ತೆ ನಾಳೆ ಊರಲ್ಲಿರಲ್ಲ. ಚಿಂತಾಮಣಿ ಅಕ್ಕ, ಹಿದುಕಿದ ಬೇಳೆ ಸಾರಿಗೆ ಮಸಾಲೆ ಹುರಿದು ರುಬ್ಬಬೇಕಾ, ಹಸಿಯಾಗಿಯೇ ರುಬ್ಬಬೇಕಾ?