ಈಟನ್ ಸ್ಕ್ವೇರಿನಲ್ಲಿ ಅಡ್ಮಿರಲ್ ಟ್ರಯನ್ ಪ್ರೇತ: ಕಾಲಗಣನೆ ಹೊಂದುತ್ತದೆಯೇ?

ಸಾಗರಾಸಕ್ತ:
1893ರ ಜೂನ್ 22ರಂದು ಲಂಡನ್ನಿನ ಈಟನ್ ಸ್ಕ್ವೇರಿನ ತಮ್ಮ ಮನೆಯಲ್ಲಿ ಲೇಡಿ ಟ್ರಯನ್ ಅತಿಥಿಗಳನ್ನು ಸತ್ಕರಿಸುತ್ತಿದ್ದಾಗ, ಮೆಡಿಟರೇನಿಯನ್ ನೌಕಾದಳದ ಮುಖ್ಯಸ್ಥರಾಗಿ ದೂರದಲ್ಲಿದ್ದ ಅವರ ಪತಿ ಸರ್ ಜಾರ್ಜ್ ಟ್ರಯನ್ ಸಮವಸ್ತ್ರದಲ್ಲಿಯೇ ಯಾರನ್ನೂ ಮಾತನಾಡಿಸದೆ ದಿವಾನಖಾನೆಯನ್ನು ಹಾದುಹೋದರೆಂಬ ಕಥೆಯಿದೆ. ಅದೇ ಕ್ಷಣದಲ್ಲಿ ಅವರು ಸಮುದ್ರದಲ್ಲಿ ಮುಳುಗಿದರಂತೆ. ಇದರಲ್ಲಿ ಇತಿಹಾಸವೆಷ್ಟು, ಕಲ್ಪನೆಯೆಷ್ಟು?

ದಫ್ತರದಾರ:
ಮರಣದ ದಿನಾಂಕದಲ್ಲಿ ಸಂಶಯವಿಲ್ಲ. ಇಂದಿನ ಲೆಬನಾನಿನ ಟ್ರಿಪೋಲಿ ಸಮೀಪ ಎರಡು ಸಾಲುಗಳಲ್ಲಿ ಸಾಗುತ್ತಿದ್ದ ಹಡಗುಗಳು ಪರಸ್ಪರ ಒಳಮುಖವಾಗಿ ತಿರುಗಬೇಕೆಂದು ಟ್ರಯನ್ ಆಜ್ಞಾಪಿಸಿದರು. ಸಾಲುಗಳ ನಡುವೆ ಇದ್ದದ್ದು ಸುಮಾರು 1,100 ಮೀಟರ್ ಅಂತರ ಮಾತ್ರ. ಅಷ್ಟರಲ್ಲಿ ಆ ಭಾರಿ ಹಡಗುಗಳು ಕ್ಷೇಮವಾಗಿ ತಿರುಗಲು ಸಾಧ್ಯವೇ ಇರಲಿಲ್ಲ. ಎರಡನೆಯ ಸಾಲಿನ ನಾಯಕ ಮಾರ್ಕಮ್ ಹಿಂಜರಿದಾಗ, ಏನನ್ನು ಕಾಯುತ್ತಿದ್ದೀರಿ ಎಂಬ ಸಂಕೇತ ಬಂತು. ಅವರ ಕ್ಯಾಂಪರ್‌ಡೌನ್ ಹಡಗು ಟ್ರಯನ್ ಇದ್ದ ವಿಕ್ಟೋರಿಯಾಕ್ಕೆ ಢಿಕ್ಕಿ ಹೊಡೆಯಿತು. ಕೆಲವೇ ನಿಮಿಷಗಳಲ್ಲಿ ವಿಕ್ಟೋರಿಯಾ ಮುಳುಗಿ 358 ಮಂದಿ ಸತ್ತರು.

ರೇಖಾಂಶ:
ಕಥೆ ತೊಡಕಿಗೆ ಸಿಲುಕುವುದು ಗಡಿಯಾರದಲ್ಲಿ. ಹಡಗು ಮುಳುಗಿದ್ದು ಅಲ್ಲಿನ ಸಮಯ ಮಧ್ಯಾಹ್ನ ಮೂರೂವರೆಯ ನಂತರ. ಟ್ರಿಪೋಲಿ ಲಂಡನ್ನಿಗಿಂತ ಸುಮಾರು 36 ಡಿಗ್ರಿ ಪೂರ್ವಕ್ಕಿರುವುದರಿಂದ, ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಲಂಡನ್ನಿನಲ್ಲಿ ಆಗ ಒಂದೂಕಾಲು, ಒಂದೂವರೆ ಗಂಟೆಯ ನಡುವಿನ ಹೊತ್ತು. ಅಡ್ಮಿರಲರನ್ನು ಸಂಜೆಯ ಕೂಟಕ್ಕೆ ಕರೆತರುವ ನಿರೂಪಣೆಗಳು 'ಅದೇ ಕ್ಷಣ' ಎಂಬ ಮಾತನ್ನು ಬಿಟ್ಟುಕೊಡಲೇಬೇಕಾಗುತ್ತದೆ.

ದಫ್ತರದಾರ:
ಒಪ್ಪಿದೆ. ಆದರೆ ಕಥೆ ಇಷ್ಟು ಬೇಗ ಬೇರೂರಿದ್ದಕ್ಕೆ ಲಂಡನ್ನಿನ ಅಂದಿನ ವಾತಾವರಣವನ್ನೂ ಗಮನಿಸಬೇಕು. 1882ರಲ್ಲಿ ಅಲ್ಲಿ ಸ್ಥಾಪನೆಯಾದ ಅತೀಂದ್ರಿಯ ಸಂಶೋಧನಾ ಸಂಘವು, ಸಾಯುವ ಹೊತ್ತಿನಲ್ಲಿ ವ್ಯಕ್ತಿಯೊಬ್ಬ ದೂರದ ಆಪ್ತರಿಗೆ ಕಾಣಿಸಿಕೊಂಡನೆಂಬ ನೂರಾರು ಹೇಳಿಕೆಗಳನ್ನು ಆ ವೇಳೆಗಾಗಲೇ ಸಂಗ್ರಹಿಸಿತ್ತು. ಕಥೆಯ ಅಚ್ಚು ಸಿದ್ಧವಾಗಿತ್ತು. ಟ್ರಯನ್ ಹೆಸರು ಅದರಲ್ಲಿ ಸಲೀಸಾಗಿ ಕೂತಿತು. ಅಂಥ ಆಜ್ಞೆ ಕೊಟ್ಟದ್ದೇಕೆಂದು ಹೇಳಬಲ್ಲ ಏಕೈಕ ವ್ಯಕ್ತಿಯೂ ಮುಳುಗಿಹೋಗಿದ್ದರಲ್ಲ! ತಪ್ಪು ತನ್ನದೇ ಎಂದು ಅವರು ಕೊನೆಗೆ ನುಡಿದರೆಂಬುದನ್ನು ಬದುಕುಳಿದವರು ತಿಳಿಸಿದರು, ಕಾರಣ ಮಾತ್ರ ಹೊರಬೀಳಲಿಲ್ಲ.

ಸಾಗರಾಸಕ್ತ:
ಧನ್ಯವಾದಗಳು. ಕೆಲವು ನಿರೂಪಣೆಗಳ ಪ್ರಕಾರ ಅತಿಥಿಗಳಿಗೆ ಕಂಡ ಆಕೃತಿ ಲೇಡಿ ಟ್ರಯನ್ ಅವರಿಗೇ ಕಾಣಲಿಲ್ಲವಂತೆ. ಗಂಡನ ಗುರುತು ಎಲ್ಲರಿಗಿಂತ ಚೆನ್ನಾಗಿದ್ದ ಸಾಕ್ಷಿಯನ್ನೇ ಕಥೆ ಹೊರಗಿಟ್ಟಿರುವುದು ನನಗೆ ಗಡಿಯಾರದ ತೊಡಕಿಗಿಂತಲೂ ಹೆಚ್ಚು ಅನುಮಾನ ಹುಟ್ಟಿಸುತ್ತದೆ.